ಬೆಳೆಯುವ ನಾಯಿಮರಿಯ ಸೊಟ್ಟಗಾಲು: ಕಾಲಿಗಿಂತ ಮೊದಲು ಕೀಲು

ಪಶುವೈದ್ಯಕೀಯ ವಿದ್ಯಾರ್ಥಿಗಳೂ ನಾಯಿ ಸಾಕಿದವರೂ ಜೊತೆಯಾಗಿ ಕುಳಿತಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು.

ಎಲ್ಲರಿಗೂ ನಮಸ್ಕಾರ. ಪೀಠಿಕೆ ಹಾಕುವ ಬದಲು ನನ್ನದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ. ಹಲವು ವರ್ಷಗಳ ಹಿಂದೆ ನಾಲ್ಕು ತಿಂಗಳ ಲ್ಯಾಬ್ರಡಾರ್ ಗಂಡುಮರಿಯೊಂದನ್ನು ನನ್ನ ಬಳಿಗೆ ತಂದಿದ್ದರು. ಅದು ಮೆಟ್ಟಿಲ ಮೇಲಿಂದ ಜಿಗಿದು ಬಿದ್ದು, ಬಲ ಮುಂಗಾಲನ್ನು ನೆಲಕ್ಕೆ ಊರದೆ ಕುಂಟುತ್ತಿತ್ತು. ಎಕ್ಸ್-ರೇ ತೆಗೆಸಿದೆ, ಮೂಳೆ ಮುರಿದಿರಲಿಲ್ಲ, ಜಾಗ ಬಿಟ್ಟು ಸರಿದೂ ಇರಲಿಲ್ಲ. ನೋವಿಗೆ ಔಷಧ ಕೊಟ್ಟು, ನಾಲ್ಕು ದಿನ ಓಡಾಡಲು ಬಿಡಬೇಡಿ ಎಂದು ಹೇಳಿ ಕಳುಹಿಸಿದೆ. ಮೂರನೆಯ ದಿನಕ್ಕೇ ಕುಂಟು ನಿಂತಿತೆಂದು ಮನೆಯವರು ಫೋನಿನಲ್ಲಿ ತಿಳಿಸಿದರು. ನಾನೂ ಆ ವಿಷಯವನ್ನು ಅಲ್ಲಿಗೆ ಬಿಟ್ಟೆ. ಐದು ವಾರಗಳ ನಂತರ ಅದೇ ಮರಿ ಮತ್ತೆ ಬಂತು. ಕುಂಟು ಅಷ್ಟಾಗಿ ಇರಲಿಲ್ಲ. ಆದರೆ ಎದುರಿನಿಂದ ನೋಡಿದರೆ ಬಲ ಪಾದ ಹೊರಕ್ಕೆ ತಿರುಗಿತ್ತು, ಪಕ್ಕದಿಂದ ನೋಡಿದರೆ ಮುಂದೋಳು ಮುಂದಕ್ಕೆ ಬಾಗಿತ್ತು. “ಡಾಕ್ಟ್ರೇ, ನಾವು ಎತ್ತಿಕೊಳ್ಳೋ ರೀತಿ ಸರಿ ಇಲ್ವಾ?” ಎಂದು ಆ ಮನೆಯಾಕೆ ತಮ್ಮನ್ನೇ ದೂರಿಕೊಳ್ಳುತ್ತಿದ್ದರು. ತಪ್ಪು ಅವರದಾಗಿರಲಿಲ್ಲ. ಮೊದಲ ದಿನದ ಎಕ್ಸ್-ರೇಯಲ್ಲಿ ಕಾಣದ ಪೆಟ್ಟು ಒಂದಿದೆ ಎಂಬುದನ್ನು ಓದಿ ತಿಳಿದಿದ್ದ ನಾನು, ಎರಡು ವಾರ ಬಿಟ್ಟು ಮತ್ತೊಮ್ಮೆ ಕರೆತನ್ನಿ ಎಂಬ ಒಂದು ಮಾತನ್ನು ಹೇಳಿರಲಿಲ್ಲ.

ಆ ಪೆಟ್ಟು ಎಲ್ಲಿ ಬಿದ್ದಿತ್ತು ಎಂಬುದು ತಿಳಿಯಬೇಕಾದರೆ ಮೂಳೆ ಉದ್ದವಾಗುವ ಬಗೆಯನ್ನು ಸ್ವಲ್ಪ ನೋಡಬೇಕು. ಮರಿಯ ಉದ್ದನೆಯ ಮೂಳೆ ಮಧ್ಯದಲ್ಲಿ ಹಿಗ್ಗುವುದಿಲ್ಲ. ಅದು ಬೆಳೆಯುವುದು ತುದಿಗಳ ಹತ್ತಿರ ಇರುವ ತೆಳುವಾದ ಮೃದ್ವಸ್ಥಿಯ ಪದರದಲ್ಲಿ. ದಿನದ ಮಾತಿನಲ್ಲಿ ನಾವು ಗ್ರೋತ್ ಪ್ಲೇಟ್ ಎನ್ನುವ ಈ ಬೆಳವಣಿಗೆಯ ಫಲಕದಲ್ಲಿ ಜೀವಕೋಶಗಳು ಸಾಲುಗಟ್ಟಿ ಹುಟ್ಟಿ, ಉಬ್ಬಿ, ಕೊನೆಗೆ ಮೂಳೆಯಾಗಿ ಬದಲಾಗುತ್ತವೆ. ಎಕ್ಸ್-ರೇಯಲ್ಲಿ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ಬೆಳವಣಿಗೆ ಮುಗಿದಾಗ ಆ ಗೆರೆ ಅಳಿಸಿಹೋಗುತ್ತದೆ. ಸುತ್ತಲಿನ ಮೂಳೆ, ಕೀಲಿನ ಕಟ್ಟುಗಳು ಎಲ್ಲಕ್ಕಿಂತ ಈ ಪದರ ದುರ್ಬಲವಾದುದರಿಂದ, ದೊಡ್ಡ ನಾಯಿಯಲ್ಲಿ ಕೀಲು ಉಳುಕಿ ಮುಗಿಯುವಂಥ ಪೆಟ್ಟು ಮರಿಯಲ್ಲಿ ಫಲಕವನ್ನೇ ಹಿಡಿಯುತ್ತದೆ. ಮಕ್ಕಳಲ್ಲಿ ಆಗುವ ಇಂಥ ಗಾಯಗಳನ್ನು ಟೊರಾಂಟೊದ ರಾಬರ್ಟ್ ಸಾಲ್ಟರ್ ಮತ್ತು ರಾಬರ್ಟ್ ಹ್ಯಾರಿಸ್ 1963ರಲ್ಲಿ ಐದು ಬಗೆಯಾಗಿ ವಿಂಗಡಿಸಿದರು. ನಾವು ಪಶುವೈದ್ಯರೂ ಇಂದಿಗೂ ಅದನ್ನೇ ಬಳಸುತ್ತೇವೆ. ಮೊದಲ ನಾಲ್ಕು ಬಗೆಗಳಲ್ಲಿ ಬಿರುಕೋ ಸರಿತವೋ ಕಣ್ಣಿಗೆ ಕಾಣುತ್ತದೆ. ಐದನೆಯದರಲ್ಲಿ ಫಲಕ ಜಜ್ಜಿಹೋಗುತ್ತದೆ, ಅಷ್ಟೇ. ಆ ದಿನದ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಬೆಳವಣಿಗೆ ನಿಂತಿದೆ ಎಂಬುದು ಎರಡು ಮೂರು ವಾರಗಳ ನಂತರ ಆಚೀಚೆಯ ಕಾಲುಗಳನ್ನು ಹೋಲಿಸಿದಾಗಲೇ ಗೊತ್ತಾಗುವುದು.

ನಾಯಿಯಲ್ಲಿ ಈ ತೊಂದರೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಮುಂಗಾಲಿನಲ್ಲಿ. ಅಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು ಮೂಳೆಗಳು ಜೋಡಿಯಾಗಿ ಸಾಗುತ್ತವೆ. ರೇಡಿಯಸ್ ಮೂಳೆಗೆ ಎರಡೂ ತುದಿಗಳಲ್ಲಿ ಬೆಳವಣಿಗೆಯ ಫಲಕವಿದೆ. ಅದರ ಉದ್ದದ ಸುಮಾರು ಶೇ. 60ರಿಂದ 70ರಷ್ಟು ಕೆಳತುದಿಯಿಂದಲೂ ಉಳಿದದ್ದು ಮೇಲ್ತುದಿಯಿಂದಲೂ ಬರುತ್ತದೆ. ಅಲ್ನಾದ ಲೆಕ್ಕ ಬೇರೆ. ಅದರ ಮೇಲ್ತುದಿಯ ಫಲಕ ಮೊಣಕೈಯ ಹಿಂದಕ್ಕೆ ಚಾಚಿದ ಗೆಣ್ಣನ್ನು ಮಾತ್ರ ಬೆಳೆಸುತ್ತದೆ. ಒಟ್ಟು ಉದ್ದದ ಸುಮಾರು ಶೇ. 85 ಭಾಗ ಮಣಿಕಟ್ಟಿನ ಬಳಿಯ ಒಂದೇ ಫಲಕದಿಂದ ಬರಬೇಕು. ಅಂದರೆ, ರೇಡಿಯಸ್ ಎರಡು ಕಡೆಯಿಂದ ಗಳಿಸುವಷ್ಟನ್ನು ಅಲ್ನಾ ಒಂದೇ ಕಡೆಯಿಂದ ಗಳಿಸಿ, ಜೊತೆಗಾರನ ಪಕ್ಕದಲ್ಲೇ ಜಾರುತ್ತಾ ಸಮಕ್ಕೆ ಸಮ ಸಾಗಬೇಕು. ಸಾಲದ್ದಕ್ಕೆ ಆ ಫಲಕ ಚಪ್ಪಟೆಯಾಗಿಲ್ಲ, ಲಾಳಿಕೆಯ ಹಾಗೆ ಶಂಕುವಿನ ಆಕಾರದಲ್ಲಿದೆ. ಚಪ್ಪಟೆ ಫಲಕಕ್ಕೆ ಅಡ್ಡಪೆಟ್ಟು ಬಿದ್ದರೆ ತುದಿ ಜಾರಿ ಬಿರುಕು ಬಿಡುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಶಂಕುವಿಗೆ ಜಾರಲು ದಾರಿಯಿಲ್ಲ. ಯಾವ ಕಡೆಯಿಂದ ಪೆಟ್ಟು ಬಿದ್ದರೂ ಒಂದು ಬದಿ ಅದುಮಿಕೊಂಡು ಜಜ್ಜುತ್ತದೆ. ದುಡಿಮೆಯ ಭಾರವೆಲ್ಲ ಯಾರ ಮೇಲಿದೆಯೋ ಅವರೇ ಸುಲಭವಾಗಿ ಪೆಟ್ಟು ತಿನ್ನುವ ಈ ಏರ್ಪಾಡನ್ನು ನೋಡಿದಾಗಲೆಲ್ಲ ಪ್ರಕೃತಿಯ ಮೇಲೆ ನನಗೆ ಸ್ವಲ್ಪ ಸಿಟ್ಟು ಬರುವುದುಂಟು.

ಅಲ್ನಾ ನಿಂತು ರೇಡಿಯಸ್ ಬೆಳೆಯುತ್ತಲೇ ಇದ್ದರೆ ಏನಾಗುತ್ತದೆ? ಬಿಲ್ಲಿಗೆ ಹೆದೆ ಏರಿಸಿದ ಹಾಗಾಗುತ್ತದೆ. ಗಿಡ್ಡ ಅಲ್ನಾ ಹಿಂದಿನಿಂದ ಹೊರಬದಿಯಿಂದ ಬಿಗಿದು ಹಿಡಿದ ಹೆದೆ. ಬೆಳೆಯುವ ರೇಡಿಯಸ್ ಬಿಲ್ಲು. ಹಾಗಾಗಿ ಮುಂದೋಳು ಮುಂದಕ್ಕೆ ಬಾಗುತ್ತದೆ, ಮಣಿಕಟ್ಟು ಒಳಕ್ಕೆ ಸರಿದು ಪಾದ ಹೊರಕ್ಕೆ ವಾಲುತ್ತದೆ, ಅದರ ಮೇಲೆ ಇಡೀ ಪಾದ ಹೊರಮುಖವಾಗಿ ತಿರುಚಿಕೊಳ್ಳುತ್ತದೆ. ಮನೆಯವರ ಕಣ್ಣಿಗೆ ಬೀಳುವುದು ಇಷ್ಟು. ಆದರೆ ಹೆದೆಗೆ ಎರಡು ತುದಿ ಇದೆಯಲ್ಲವೇ? ಮೇಲಿನ ತುದಿ ಮೊಣಕೈಯಲ್ಲಿದೆ. ಅಲ್ಲಿ ಅಲ್ನಾದ ಅರೆಚಂದ್ರದಂಥ ಕೊರಕಲು ಮೇಲ್ತೋಳಿನ ಮೂಳೆಯನ್ನು ಅಪ್ಪಿಕೊಂಡಿರುತ್ತದೆ. ಅಲ್ನಾ ಗಿಡ್ಡವಾದಂತೆ ಆ ಕೊರಕಲು ಕೆಳಕ್ಕೆಳೆಯಲ್ಪಡುತ್ತದೆ, ಉದ್ದವಾದ ರೇಡಿಯಸ್‌ನ ತಲೆ ಮೇಲ್ತೋಳಿನ ಮೂಳೆಯನ್ನು ಮೇಲಕ್ಕೆ ತಳ್ಳುತ್ತದೆ; ಕೀಲಿನ ಹೊಂದಿಕೆ ಕೆಡುತ್ತದೆ, ಮೃದ್ವಸ್ಥಿ ತಪ್ಪಾದ ಜಾಗದಲ್ಲಿ ಸವೆಯತೊಡಗುತ್ತದೆ. ಬಾಗಿದ ಮೂಳೆಯನ್ನು ಒಂದು ವರ್ಷ ಕಳೆದ ಮೇಲೂ ಕತ್ತರಿಸಿ ನೇರ ಮಾಡಬಹುದು. ಸವೆದ ಕೀಲಿನ ಮೃದ್ವಸ್ಥಿಯನ್ನು ಮರಳಿ ಹುಟ್ಟಿಸಲು ನನ್ನಿಂದಾಗಲಿ ಬೇರೆ ಯಾರಿಂದಾಗಲಿ ಆಗದು. ಆದ್ದರಿಂದ ಕಾಲು ಸೊಟ್ಟಗಿದೆ ಎಂದು ತಂದ ಮರಿಯಲ್ಲಿ ನಾನು ಮೊದಲು ಮುಟ್ಟಿ ನೋಡುವುದು ಸೊಟ್ಟಗಿರುವ ಜಾಗವನ್ನಲ್ಲ, ಮೊಣಕೈಯನ್ನು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ನಮ್ಮ ಈ ಕೆಲಸದಲ್ಲಿ ಗಾದೆಯನ್ನು ತುಸು ತಿರುವಿ ಓದಬೇಕು: ಗಿಡ ತಾನಾಗಿಯೇ ಬಗ್ಗುತ್ತಿದೆ, ಅದು ಇನ್ನೆಷ್ಟು ದಿನ ಬೆಳೆಯಲಿದೆ ಎಂಬುದೇ ಪ್ರಶ್ನೆ. ಮರಿ ಅತಿ ವೇಗದಲ್ಲಿ ಬೆಳೆಯುವುದು ಮೂರರಿಂದ ಆರು ತಿಂಗಳ ನಡುವೆ. ಮಧ್ಯಮ ಗಾತ್ರದ ತಳಿಗಳಲ್ಲಿ ಒಂಬತ್ತು ಹತ್ತು ತಿಂಗಳಿಗೆ ಕಾಲಿನ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ. ಗ್ರೇಟ್ ಡೇನ್‌ನಂಥ ದೈತ್ಯ ತಳಿಗಳಲ್ಲಿ ಅದು ವರ್ಷ ದಾಟುತ್ತದೆ. ಉಳಿದಿರುವ ಬೆಳವಣಿಗೆ ಒಂದು ಕೈಯಲ್ಲಿ ಶತ್ರು, ಇನ್ನೊಂದು ಕೈಯಲ್ಲಿ ಮಿತ್ರ. ಹೆದೆಯ ಬಿಗಿ ಬಿಚ್ಚದೆ ಬಿಟ್ಟರೆ ದಿನದಿನಕ್ಕೂ ವಕ್ರತೆ ಹೆಚ್ಚುತ್ತದೆ. ಬಿಚ್ಚಿಕೊಟ್ಟರೆ ಅದೇ ಬೆಳವಣಿಗೆ ಬಾಗನ್ನು ಒಂದಷ್ಟು ತಾನೇ ತಿದ್ದುತ್ತದೆ. ನಾಲ್ಕು ತಿಂಗಳ ಮರಿಯಲ್ಲಿ ಕಂಡ ಸಣ್ಣ ಬಾಗು ಹತ್ತು ತಿಂಗಳ ನಾಯಿಯ ದೊಡ್ಡ ಬಾಗಿಗಿಂತ ತುರ್ತಿನದು ಎಂದರೆ ಕೇಳಿದವರಿಗೆ ವಿಚಿತ್ರವೆನಿಸುತ್ತದೆ, ಆದರೆ ನಿಜ.

ಬಾಗಿದ ಕಾಲೆಲ್ಲ ಕತ್ತಿಗೆ ಬರಬೇಕಾಗಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎರಡು ಮೂರು ತಿಂಗಳ ಮರಿಗಳಲ್ಲಿ ಮಣಿಕಟ್ಟು ಸಡಿಲವಾಗಿ ಕುಸಿಯುವುದೋ ಮುಂದಕ್ಕೆ ಮಡಿಚಿಕೊಳ್ಳುವುದೋ ಉಂಟು. ಜಾರದ ನೆಲ, ಅಳತೆಯ ಓಡಾಟ, ಸಮತೂಕದ ಆಹಾರ ಸಿಕ್ಕರೆ ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಬರೀ ಮಾಂಸ ತಿಂದು ಬೆಳೆದ ಮರಿಗೆ ಸುಣ್ಣದಂಶ ಸಾಲದೆ ಮೂಳೆ ಮೆದುವಾಗಿ ಬಾಗಿರಬಹುದು. ಅದಕ್ಕೆ ಮದ್ದು ಊಟದ ತಟ್ಟೆಯಲ್ಲಿದೆ. ಇದರ ತಿರುಗುಮುರುಗು ತಪ್ಪನ್ನು ನಾನು ಇನ್ನೂ ಹೆಚ್ಚು ಕಾಣುತ್ತೇನೆ: ಕಾಲು ಗಟ್ಟಿಯಾಗಲೆಂದು ದೊಡ್ಡ ತಳಿಯ ಮರಿಗೆ ಸಿದ್ಧ ಆಹಾರದ ಜೊತೆಗೆ ಕ್ಯಾಲ್ಸಿಯಂ ಔಷಧವನ್ನೂ ಕುಡಿಸುವುದು. ಎಳೆಯ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆದು ನಿಲ್ಲಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹೀರಿಕೊಂಡದ್ದೆಲ್ಲ ಬೆಳವಣಿಗೆಯ ಫಲಕದ ಕೆಲಸವನ್ನೇ ಕೆಡಿಸುತ್ತದೆ. ಇನ್ನು ಡ್ಯಾಷ್‌ಹಂಡ್, ಬ್ಯಾಸೆಟ್ ತಳಿಗಳ ಮಾತು. ಅವುಗಳ ಗಿಡ್ಡ ಕಾಲಿನ ಹಿಂದೆ ಎಫ್‌ಜಿಎಫ್4 ಎಂಬ ಜೀನ್‌ನ ಹೆಚ್ಚುವರಿ ಪ್ರತಿಯೊಂದಿದೆ ಎಂಬುದು 2009ರಲ್ಲಿ ತಿಳಿದುಬಂತು. ಸೊಟ್ಟಗಾಲನ್ನೇ ಚಂದವೆಂದು ಆರಿಸಿ ಬೆಳೆಸಿದವರು ನಾವು. ಅಂಥ ನಾಯಿ ನೋವಿಲ್ಲದೆ ಓಡಾಡುತ್ತಿದ್ದರೆ, ಮೊಣಕೈ ಸರಿಯಾಗಿದ್ದರೆ, ನಾನು ಕೈ ಹಚ್ಚುವುದಿಲ್ಲ.

ಚಿಕಿತ್ಸೆಯ ನಿರ್ಧಾರಕ್ಕೆ ಮೊದಲು ಎಕ್ಸ್-ರೇ ಬೇಕು, ಮತ್ತು ಎರಡೂ ಕಾಲುಗಳದು ಬೇಕು. ಒಳ್ಳೆಯ ಕಾಲೇ ನಮ್ಮ ಅಳತೆಗೋಲು. ಪ್ರತಿ ಕಾಲಿಗೆ ಎದುರಿನಿಂದ ಒಂದು, ಪಕ್ಕದಿಂದ ಒಂದು; ಪ್ರತಿ ಚಿತ್ರದಲ್ಲೂ ಮೊಣಕೈಯಿಂದ ಮಣಿಕಟ್ಟಿನವರೆಗೆ ಪೂರ್ತಿ ಕಾಣಬೇಕು. ಮಣಿಕಟ್ಟಿನ ಹತ್ತಿರವಷ್ಟೇ ತೆಗೆದ ಚಿತ್ರ ಹಿಡಿದು ಬರುವವರನ್ನು ನಾನು ಮತ್ತೆ ಎಕ್ಸ್-ರೇ ಕೋಣೆಗೆ ಕಳುಹಿಸುತ್ತೇನೆ, ಬೈಸಿಕೊಂಡರೂ ಕಳುಹಿಸುತ್ತೇನೆ. ತಿರುಚು ಮಾತ್ರ ಚಪ್ಪಟೆ ಚಿತ್ರದಲ್ಲಿ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಮರಿಯನ್ನು ಮಲಗಿಸಿ, ಮೊಣಕೈಯನ್ನೂ ಮಣಿಕಟ್ಟನ್ನೂ ಮಡಿಸಿ ಬಿಚ್ಚಿ, ಎರಡು ಕೀಲುಗಳು ಮಡಿಚುವ ದಿಕ್ಕು ಒಂದೇ ಆಗಿದೆಯೇ ಎಂದು ಕೈಯಿಂದಲೇ ನೋಡಬೇಕು. ಸಿಟಿ ಸ್ಕ್ಯಾನ್ ಸಿಕ್ಕರೆ ಇನ್ನೂ ಖಚಿತ.

ಈಗ ಶಸ್ತ್ರಚಿಕಿತ್ಸೆಗೆ ಬರೋಣ. ಐದಾರು ತಿಂಗಳೊಳಗಿನ, ಇನ್ನೂ ಬೆಳೆಯುತ್ತಿರುವ ಮರಿಯಲ್ಲಿ ಮೊದಲ ಕೆಲಸ ಹೆದೆಯನ್ನು ಕಡಿಯುವುದು. ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಹೊರಬದಿಯಲ್ಲಿ ಚರ್ಮವನ್ನು ಸೀಳಿ ಸ್ನಾಯುಗಳನ್ನು ಬದಿಗೆ ಸರಿಸಿದರೆ ಅಲ್ನಾ ಪೆನ್ಸಿಲಿನಂತೆ ಸಿಗುತ್ತದೆ. ಅದರ ದಪ್ಪದ ಕನಿಷ್ಠ ಒಂದೂವರೆ ಪಟ್ಟು ಉದ್ದದ ತುಂಡನ್ನು ತೆಗೆಯುತ್ತೇವೆ. ಕೇಳಲು ಸುಲಭ. ಆದರೆ ಮರಿಯ ಮೂಳೆಗೆ ದಪ್ಪನಾದ ಪೊರೆಯೊಂದು ಸುತ್ತಿಕೊಂಡಿರುತ್ತದೆ. ಹಸಿ ಕೊಂಬೆಯ ಸಿಪ್ಪೆಯಂತೆ ಅದು ಸುಲಿದು ಬರುತ್ತದೆ, ಮತ್ತು ಹೊಸ ಮೂಳೆ ಕಟ್ಟುವ ಶಕ್ತಿ ಅದರಲ್ಲೇ ಇದೆ. ತುಂಡನ್ನು ತೆಗೆದು ಪೊರೆಯನ್ನು ಬಿಟ್ಟರೆ ಕೆಲವೇ ವಾರಗಳಲ್ಲಿ ಸೇತುವೆ ಕಟ್ಟಿಕೊಂಡು, ನಾವು ಕಡಿದ ಹೆದೆ ಮತ್ತೆ ಬಿಗಿಯುತ್ತದೆ. ಆದ್ದರಿಂದ ಆ ತುಂಡಿನ ಸುತ್ತಲಿನ ಪೊರೆಯನ್ನೂ ಎಳೆಯೆಳೆಯಾಗಿ ತೆಗೆಯಬೇಕು. ಒಳಬದಿಯಲ್ಲಿ, ಎರಡು ಮೂಳೆಗಳ ನಡುವೆ, ರಕ್ತನಾಳವೊಂದು ಹಾಯುತ್ತದೆ; ಅವಸರದಲ್ಲಿ ಅದನ್ನು ತಾಗಿಸಿಕೊಂಡರೆ ಮುಂದಿನ ಹತ್ತು ನಿಮಿಷ ರಕ್ತ ಒತ್ತಿ ಹಿಡಿಯುವುದರಲ್ಲೇ ಕಳೆಯುತ್ತದೆ.

ತುಂಡು ತೆಗೆದ ಕಂದರ ಖಾಲಿ ಉಳಿಯಬಾರದು. ಅದೇ ಮರಿಯ ಹೊಟ್ಟೆಯ ಬದಿಯ ಚರ್ಮದಡಿಯಿಂದ ಕೊಬ್ಬಿನ ಗಟ್ಟಿಯೊಂದನ್ನು ತೆಗೆದು ಅಲ್ಲಿ ತುಂಬುತ್ತೇವೆ. ಕೊಬ್ಬಿರುವಲ್ಲಿ ಮೂಳೆ ಕಟ್ಟುವುದು ಕಷ್ಟ. ಅದು ಇಡಿಯಾದ ಒಂದೇ ತುಂಡಾಗಿರಬೇಕು. ಚೂರು ಚೂರು ಮಾಡಿ ತುರುಕಿದರೆ, ಸುಟ್ಟು ಗಾಯ ಮಾಡಿದರೆ, ಬದುಕುವುದಿಲ್ಲ. ಲೋಹವಿಲ್ಲ, ಸ್ಕ್ರೂ ಇಲ್ಲ. ರೇಡಿಯಸ್ ಭಾರ ಹೊರುವುದರಿಂದ ಮರಿ ಕೆಲವೇ ದಿನಗಳಲ್ಲಿ ಕಾಲೂರಿ ನಡೆಯುತ್ತದೆ. ಒಂದು ಮಿತಿಯನ್ನು ಮಾತ್ರ ಮನೆಯವರಿಗೆ ಮುಂಚೆಯೇ ಹೇಳಿರಬೇಕು: ಬಿಡುಗಡೆಗೊಂಡ ರೇಡಿಯಸ್ ತನ್ನ ಬಾಗನ್ನು ಸ್ವಲ್ಪ ಮಟ್ಟಿಗೆ ತಿದ್ದಿಕೊಳ್ಳುತ್ತದೆ, ತಿರುಚನ್ನು ತಿದ್ದಿಕೊಳ್ಳುವುದಿಲ್ಲ.

ಕೆಳಗೆ ಮಾಡಿದ ಈ ಬಿಡುಗಡೆ ಮೊಣಕೈಗೆ ಮುಟ್ಟುವುದಿಲ್ಲ ಎಂಬುದು ಹಲವು ಹೊಸಬರು ಮರೆಯುವ ಸಂಗತಿ. ಎರಡು ಮೂಳೆಗಳ ನಡುವೆ ಗಟ್ಟಿಯಾದ ಕಟ್ಟೊಂದಿದೆ. ಅದು ಅಲ್ನಾದ ಮೇಲ್ಭಾಗವನ್ನು ರೇಡಿಯಸ್‌ಗೆ ಬಿಗಿದಿರುತ್ತದೆ. ಮೊಣಕೈಯ ಹೊಂದಿಕೆ ಕೆಟ್ಟಿದ್ದರೆ ಆ ಕಟ್ಟಿಗಿಂತ ಮೇಲೆ, ಅಲ್ನಾವನ್ನು ಇನ್ನೊಂದು ಕಡೆ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿ ಬಿಟ್ಟರೆ, ಮೊಣಕೈಯ ಹಿಂಭಾಗದ ದಪ್ಪ ಸ್ನಾಯುವಿನ ಎಳೆತಕ್ಕೂ ನಡೆಯುವಾಗಿನ ಒತ್ತಡಕ್ಕೂ ಸಿಕ್ಕಿದ ಮೇಲಿನ ತುಂಡು ತನ್ನಷ್ಟಕ್ಕೆ ಸರಿದು, ಮೇಲ್ತೋಳಿನ ಮೂಳೆಯ ಸುತ್ತ ಸರಿಯಾದ ಜಾಗ ಹುಡುಕಿಕೊಳ್ಳುತ್ತದೆ. ಶಸ್ತ್ರವೈದ್ಯ ಜೋಡಿಸಿ ಬಿಗಿಯುವುದಕ್ಕಿಂತ ಕೀಲು ತಾನೇ ಹುಡುಕಿಕೊಂಡ ಹೊಂದಿಕೆ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅನುಭವ. ನಮ್ಮ ಲ್ಯಾಬ್ರಡಾರ್ ಮರಿಗೆ ಎರಡೂ ಕಡೆ ಕತ್ತರಿಸಬೇಕಾಯಿತು.

ಕೆಲವೊಮ್ಮೆ ಅಲ್ನಾ ಬದಲು ರೇಡಿಯಸ್ ನಿಲ್ಲುತ್ತದೆ. ಆಗ ಕಾಲು ನೋಡಲು ನೇರವಾಗಿಯೇ ಇರಬಹುದು, ತುಸು ಗಿಡ್ಡ, ಅಷ್ಟೇ. ಆದರೆ ರೇಡಿಯಸ್‌ನ ತಲೆ ಮೇಲ್ತೋಳಿನ ಮೂಳೆಯಿಂದ ದೂರ ಸರಿದು, ಭಾರವೆಲ್ಲ ಅಲ್ನಾದ ಒಳಅಂಚಿನ ಸಣ್ಣ ಮೂಳೆಚಾಚಿನ ಮೇಲೆ ಬಿದ್ದು ಅದು ಒಡೆಯುತ್ತದೆ. ನೇರವಾಗಿ ಕಾಣುವ ಕಾಲಿನಲ್ಲಿ ಕೀಲು ಹಾಳಾಗುವ ಈ ಉದಾಹರಣೆಯನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಇಲ್ಲಿ ರೇಡಿಯಸ್ ಅನ್ನು ಉದ್ದ ಮಾಡಬೇಕು, ಇಲ್ಲವೇ ಅಲ್ನಾವನ್ನು ಗಿಡ್ಡ ಮಾಡಬೇಕು.

ಬೆಳವಣಿಗೆ ಮುಗಿದ ಮೇಲೆ ಉಳಿದ ವಕ್ರತೆಗೆ ದಾರಿ ಬೇರೆ. ಆಗ ರೇಡಿಯಸ್ ಅನ್ನೇ ಕತ್ತರಿಸಿ, ನೇರ ಮಾಡಿ, ಪ್ಲೇಟು ಸ್ಕ್ರೂಗಳಿಂದ ಬಿಗಿಯುತ್ತೇವೆ. ಎಲ್ಲಿ ಕತ್ತರಿಸಬೇಕು ಎಂಬುದು ಕಣ್ಣಂದಾಜಿನ ಕೆಲಸವಲ್ಲ. ಮೂಳೆಯ ಮೇಲ್ಭಾಗದ ನಡುಗೆರೆಯನ್ನೂ ಕೆಳಭಾಗದ ನಡುಗೆರೆಯನ್ನೂ ಚಿತ್ರದ ಮೇಲೆ ಎಳೆದಾಗ ಅವು ಸಂಧಿಸುವ ಬಿಂದುವೇ ಬಾಗಿನ ಕೇಂದ್ರ. ಮಕ್ಕಳ ಮೂಳೆಚಿಕಿತ್ಸೆಯಲ್ಲಿ ಡ್ರೋರ್ ಪೇಲಿ ಈ ಲೆಕ್ಕಾಚಾರವನ್ನು ಬೆಳೆಸಿದರು, ನಾವು ಎರವಲು ಪಡೆದೆವು. ಆ ಬಿಂದುವಿನಲ್ಲಿ ಕತ್ತರಿಸಿ ತಿರುಗಿಸಿದರೆ ಮೂಳೆ ನೇರವಾಗುತ್ತದೆ. ಬೇರೆಡೆ ಕತ್ತರಿಸಿ ಅಲ್ಲೇ ತಿರುಗಿಸಿದರೆ ಕೋನ ಸರಿಹೋದರೂ ಮೂಳೆ ಒಂದು ಮಗ್ಗುಲಿಗೆ ಸರಿದು, ಮೆಟ್ಟಿಲಿನಂತೆ ಕೂಡಿಕೊಳ್ಳುತ್ತದೆ. ಬೆಣೆಯಾಕಾರದ ತುಂಡು ತೆಗೆದು ಮುಚ್ಚಿದರೆ ಕಾಲು ಗಟ್ಟಿಯಾಗಿ ಕೂರುತ್ತದೆ, ಆದರೆ ಉದ್ದ ಇನ್ನಷ್ಟು ಕಡಿಮೆಯಾಗುತ್ತದೆ. ಒಂದು ಬದಿ ತೆರೆದು ಬಿಟ್ಟರೆ ಉದ್ದ ಉಳಿಯುತ್ತದೆ, ಆದರೆ ಭಾರವನ್ನೆಲ್ಲ ಪ್ಲೇಟೇ ಹೊರಬೇಕು. ಇತ್ತೀಚೆಗೆ ಸಿಟಿ ಸ್ಕ್ಯಾನಿನಿಂದ ಮೂಳೆಯ ಪ್ರತಿರೂಪವನ್ನು ತ್ರಿಡಿ ಮುದ್ರಣದಲ್ಲಿ ತೆಗೆದು, ಗರಗಸ ಯಾವ ಓರೆಯಲ್ಲಿ ಇಳಿಯಬೇಕೆಂದು ತೋರಿಸುವ ಅಚ್ಚನ್ನೂ ಮಾಡಿಕೊಳ್ಳಬಹುದು. ಕೆಲಸ ಹಿಂದಿನ ದಿನ ಮೇಜಿನ ಮೇಲೆ ಮುಗಿದಿರುತ್ತದೆ.

ಬಾಗೂ ಇದೆ, ಕಾಲು ಬಹಳ ಗಿಡ್ಡವೂ ಆಗಿದೆ ಎಂದಾಗ ಸೈಬೀರಿಯಾದ ಕುರ್ಗಾನ್‌ನಲ್ಲಿ ಮೂಳೆವೈದ್ಯ ಗವ್ರೀಲ್ ಇಲಿಜಾರೊವ್ ರೂಪಿಸಿದ, ಕಾಲಿನ ಹೊರಗೆ ತೊಡಿಸಿ ತಂತಿಗಳಿಂದ ಮೂಳೆಗೆ ಬಿಗಿಯುವ ಉಂಗುರಗಳ ಚೌಕಟ್ಟಿನ ನೆನಪಾಗುತ್ತದೆ. ಮೂಳೆಯನ್ನು ಕತ್ತರಿಸಿ, ಕೆಲವು ದಿನ ಸುಮ್ಮನಿದ್ದು, ಆಮೇಲೆ ದಿನಕ್ಕೆ 1 ಮಿಲಿಮೀಟರ್‌ನಂತೆ ತುದಿಗಳನ್ನು ದೂರ ಎಳೆದರೆ ನಡುವೆ ಹೊಸ ಮೂಳೆ ನೂಲಿನಂತೆ ಹುಟ್ಟುತ್ತಾ ಹೋಗುತ್ತದೆ. ಆ 1 ಮಿಲಿಮೀಟರ್ ಎಲ್ಲಿಂದ ಬಂತು? ನಾಯಿಗಳ ಹಿಂಗಾಲಿನ ಮೇಲೆ ಅವರು ನಡೆಸಿ, 1989ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ: ದಿನಕ್ಕೆ 0.5 ಮಿಲಿಮೀಟರ್ ಎಳೆದರೆ ಮೂಳೆ ಬೇಗ ಕೂಡಿಬಿಡುತ್ತಿತ್ತು, 2 ಮಿಲಿಮೀಟರ್ ಎಳೆದರೆ ಅಂಗಾಂಶ ತಾಳುತ್ತಿರಲಿಲ್ಲ. ಮನುಷ್ಯರ ಕಾಲು ಉದ್ದ ಮಾಡುವ ವಿದ್ಯೆಯನ್ನು ಕಲಿಸಿದ್ದು ನಾಯಿಗಳೇ. ಅದನ್ನು ಅವುಗಳಿಗೆ ಹಿಂದಿರುಗಿಸುವಾಗ ನನಗೆ ಸಾಲ ತೀರಿಸಿದಂತೆ ಅನಿಸುತ್ತದೆ. ಒಂದು ಮಿಲಿಮೀಟರನ್ನು ನಾಲ್ಕು ಕಂತು ಮಾಡಿ ಮನೆಯವರೇ ನಟ್ಟು ತಿರುಗಿಸಬೇಕು, ತಂತಿಗಳು ಚರ್ಮ ಹಾಯುವ ಜಾಗವನ್ನು ದಿನವೂ ತೊಳೆಯಬೇಕು, ಬೆರಳುಗಳು ಮಡಿಚಿಕೊಳ್ಳದಂತೆ ವ್ಯಾಯಾಮ ಮಾಡಿಸಬೇಕು. ಇದಕ್ಕೆ ಬೇಕಾದ ಬಿಡುವು ತಮಗಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುವವರನ್ನು ನಾನು ಮೆಚ್ಚುತ್ತೇನೆ. ಅವರಿಗೆ ಬೇರೆ ದಾರಿ ಸೂಚಿಸುತ್ತೇನೆ.

ಹಿಂಗಾಲಿನ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಫಲಕದ ಒಂದು ಬದಿ ಮಾತ್ರ ನಿಂತು ಹಿಮ್ಮಡಿಯ ಕೀಲು ಓರೆಯಾಗುತ್ತಿದ್ದರೆ, ಬೆಳೆಯುತ್ತಿರುವ ಇನ್ನೊಂದು ಬದಿಯನ್ನು ಸಣ್ಣ ಪ್ಲೇಟಿನಿಂದ ತಾತ್ಕಾಲಿಕವಾಗಿ ತಡೆದು ಹಿಡಿಯಬಹುದು. ಮಕ್ಕಳಲ್ಲಿ ಲೋಹದ ಕೊಂಡಿಗಳಿಂದ ಇದನ್ನು ಮಾಡುವ ಬಗೆಯನ್ನು ವಾಲ್ಟರ್ ಬ್ಲೌಂಟ್ 1949ರಲ್ಲೇ ವಿವರಿಸಿದ್ದರು. ಫಲಕದಲ್ಲಿ ಜೀವ ಉಳಿದಿದ್ದರೆ ಮಾತ್ರ ಇದು ಫಲಿಸುತ್ತದೆ, ಸರಿಯಾದ ದಿನ ನೋಡಿ ಬಿಚ್ಚದಿದ್ದರೆ ಕಾಲು ಆಚೆಗೆ ಬಾಗುತ್ತದೆ. ಮಂಡಿಚಿಪ್ಪು ಜಾರುವ ಮರಿಗಳಲ್ಲಿಯೂ ವಯಸ್ಸೇ ಮುಖ್ಯ. ಚಿಪ್ಪು ತೊಡೆಮೂಳೆಯ ತುದಿಯ ತೋಡಿನಲ್ಲಿ ಕುಳಿತು ಒತ್ತುತ್ತಿದ್ದರೆ ಮಾತ್ರ ಆ ತೋಡು ಆಳವಾಗುತ್ತದೆ. ಜಾರಿಯೇ ಇದ್ದರೆ ತೊಡೆಮೂಳೆಯೂ ಮೊಣಕಾಲ ಕೆಳಗಿನ ಮೂಳೆಯೂ ತಿರುಚುತ್ತಾ ಹೋಗುತ್ತವೆ. ತೀವ್ರವಾಗಿ ಜಾರುವ ಎಳೆಯ ಮರಿಯಲ್ಲಿ ಬಿಗಿದ ಕಟ್ಟನ್ನು ಸಡಿಲಿಸಿ, ತೋಡಿನ ಮೃದ್ವಸ್ಥಿಯನ್ನು ಮುಚ್ಚಳದಂತೆ ಎತ್ತಿ ಅಡಿಯನ್ನು ಕೊರೆದು ಮತ್ತೆ ಕೂರಿಸುತ್ತೇವೆ. ದೊಡ್ಡ ನಾಯಿಗೆ ಮಾಡುವಂತೆ ಮೊಣಕಾಲ ಕೆಳಗಿನ ಮೂಳೆಯ ಮುಂಗೆಣ್ಣನ್ನು ಕತ್ತರಿಸಿ ಸರಿಸಲು ಹೋಗುವುದಿಲ್ಲ. ಅಲ್ಲಿಯೂ ಒಂದು ಬೆಳವಣಿಗೆಯ ಫಲಕವಿದೆ, ಅದನ್ನು ನಾವೇ ಗಾಯ ಮಾಡಿದಂತಾಗುತ್ತದೆ.

ಮತ್ತೆ ಲ್ಯಾಬ್ರಡಾರ್ ಮರಿಗೆ ಬರುತ್ತೇನೆ. ಶಸ್ತ್ರಚಿಕಿತ್ಸೆಯ ದಿನ ಅದಕ್ಕೆ ಐದು ತಿಂಗಳು ದಾಟಿತ್ತು. ಆಮೇಲೆ ಮೂರು ವಾರಕ್ಕೊಮ್ಮೆ, ಎರಡೂ ಕಾಲುಗಳ ಎಕ್ಸ್-ರೇ ತೆಗೆದೆವು. ಈ ಬಾರಿ ನಾನು ದಿನಾಂಕ ಬರೆದೇ ಕೊಟ್ಟಿದ್ದೆ. ಮೊದಲ ಮರುಭೇಟಿಯಲ್ಲೇ ಮೊಣಕೈಯೊಳಗಿನ ಸಂದು ಕಿರಿದಾಗಿತ್ತು, ಎರಡನೆಯದರಲ್ಲಿ ಎಡಗಾಲಿನದಕ್ಕೂ ಬಲಗಾಲಿನದಕ್ಕೂ ವ್ಯತ್ಯಾಸ ಹೇಳಲು ಕಷ್ಟವಾಗುವಷ್ಟು ಹೊಂದಿಕೊಂಡಿತ್ತು. ಕೆಳಗಿನ ಕಂದರ ಮುಚ್ಚಲಿಲ್ಲ, ಮುಂದೋಳಿನ ಬಾಗು ನಿಂತು ತುಸು ಇಳಿಯಿತು. ಹನ್ನೊಂದನೆಯ ತಿಂಗಳಲ್ಲಿ ಫಲಕಗಳು ಮುಚ್ಚಿದ ಮೇಲೆ, ಉಳಿದ ತಿರುಚನ್ನು ಇನ್ನೊಂದು ಶಸ್ತ್ರಚಿಕಿತ್ಸೆಯಿಂದ ತೆಗೆಯೋಣವೇ ಎಂಬ ಮಾತು ಬಂತು. ನಾಯಿಯನ್ನು ಅಂಗಳದಲ್ಲಿ ನಡೆಸಿ, ಓಡಿಸಿ ನೋಡಿದೆವು, ಕುಂಟಿರಲಿಲ್ಲ. ಮೊಣಕೈಯನ್ನು ಪೂರ್ತಿ ಮಡಿಸಿದಾಗ ಅದು ಕೈ ಎಳೆದುಕೊಳ್ಳಲಿಲ್ಲ, ನನ್ನ ಮುಖ ನೆಕ್ಕಿತು. ಎರಡನೆಯ ಶಸ್ತ್ರಚಿಕಿತ್ಸೆ ಬೇಡವೆಂದು ಬರೆದು ಕಳುಹಿಸಿದೆ. ಅದರ ಬಲ ಪಾದ ಕೊನೆಯವರೆಗೂ ತುಸು ಹೊರಕ್ಕೆ ತಿರುಗಿಯೇ ಇತ್ತು.